ಮೂರನೆಯ ಪಿಸ್ಟನ್

"ಇನ್ನೊಂಚೂರು... ಬಂತು, ಹಿಡ್ಕೋ," ಎಂದಳು ರಾಗ್ನ್‌ಹಿಲ್ಡ್, ಎಂಜಿನ್ನಿನ ಅಡಿಯಿಂದ.

ಸುತ್ತಿಗೆಯ ಮರದ ಹಿಡಿಯಿಂದ ಅವಳು ಮೆಲ್ಲಗೆ ನೂಕುತ್ತಿದ್ದಂತೆ ಎರಡನೆಯ ಪಿಸ್ಟನ್ ತನ್ನ ಕನೆಕ್ಟಿಂಗ್ ರಾಡನ್ನು ಎಳೆದುಕೊಂಡು ಸಿಲಿಂಡರಿನ ಬಾಯಿಂದ ಮೇಲೆದ್ದಿತು. ಮೇಲೆ ನಿಂತಿದ್ದ ಗಂಡ ಎಸ್ಕಿಲ್ ಅದನ್ನು ಹಿಡಿದು, ಬೆಂಚಿನ ಮೇಲೆ ಮೊದಲನೆಯದರ ಪಕ್ಕ ಮಲಗಿಸಿದ.

"ಅದರ ರಾಡಿನ ಕ್ಯಾಪು ಅದಕ್ಕೇ ಹಾಕು. ಅದಲು ಬದಲು ಮಾಡ್ಬೇಡ."

"ಹ್ಞೂಂ. ನಂಬರ್ ಹೊಡೆದಿದೀಯಲ್ಲ."

ಕಾರು ಅವಳ ಅಪ್ಪ ಹಲ್ವಾರ್ಡನದು. ನವೆಂಬರಿನಲ್ಲಿ ಮುದುಕನಿಗೆ ಎದೆ ಹಿಡಿದುಕೊಂಡಾಗ ಆಂಬುಲೆನ್ಸ್ ಬರಲು ಒಂದು ಗಂಟೆ ಬೇಕು ಎಂದಿದ್ದರು. ರಾಗ್ನ್‌ಹಿಲ್ಡ್ ಬಸ್ ಡಿಪೋದಲ್ಲಿ ಕೆಲಸದ ಮೇಲಿದ್ದಳು. ಎಸ್ಕಿಲ್ಲನೇ ಮಾವನನ್ನು ಮಾವನದೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದ. ಆಸ್ಪತ್ರೆಯ ಗೇಟಿನಲ್ಲಿ ಎಂಜಿನ್ ಕೆಟ್ಟು ನಿಂತಿತು, ಬಾಗಿಲಿಗೆ ಒಯ್ಯುವಷ್ಟರಲ್ಲಿ ಅಪ್ಪ ಹೋದರು: ಅವನು ಹೇಳಿದ್ದು ಇಷ್ಟು. ಅವಳೂ ಹೆಚ್ಚು ಕೇಳಿರಲಿಲ್ಲ. ಆಮೇಲೆ ಚಳಿಗಾಲವಿಡೀ ಇಬ್ಬರೂ ಒಂದೇ ಮೇಜಿನಲ್ಲಿ ಉಂಡು, ಹಿಮ ಬಾಚಿ, ಬೇಗ ಮಲಗಿದ್ದರು.

ಅವಳು ಕ್ರ್ಯಾಂಕ್ ತಿರುಗಿಸಿ ಮೂರನೆಯ ರಾಡನ್ನು ಕೆಳಗೆ ತಂದಳು. ಮೊಣಕಾಲು ನೋಯುತ್ತಿತ್ತು. ನಟ್ಟುಗಳು ಬಿಚ್ಚಿದವು, ಕ್ಯಾಪು ಮಾತ್ರ ಕದಲಲಿಲ್ಲ. ತಟ್ಟಿ ತಟ್ಟಿ ಬಿಡಿಸಿದಾಗ ಒಳಗಿನ ಬೇರಿಂಗ್ ಅರೆಕರಗಿ ಅಂಟಿಕೊಂಡಿತ್ತು, ಉಕ್ಕು ನೀಲಿಗಟ್ಟಿತ್ತು. ಇದು ಎಣ್ಣೆಯಿಲ್ಲದೆ ಓಡಿದ ಗುರುತೆಂದು ಮೂವತ್ತು ವರ್ಷ ಎಂಜಿನ್ ಬಿಚ್ಚಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಸ್ಕಿಲ್, ಎಣ್ಣೆಯ ಕೆಂಪು ದೀಪ ಎಲ್ಲಿ ಹತ್ಕೊಂಡಿತು?"

"ಗೇಟ್ ಹತ್ರ. ಹೇಳಿದ್ನಲ್ಲ."

"ಇದು ಗೇಟ್ ಹತ್ರ ಆಗಿದ್ದಲ್ಲ ಕಣೋ. ಎಷ್ಟೋ ದೂರ ಒಣಗಿ ಓಡಿದೆ. ಬಡಿಯೋ ಸದ್ದು ಕೇಳಿಸ್ಲಿಲ್ವಾ ನಿನಗೆ?"

ಶೆಡ್ಡಿನ ಛಾವಣಿಯಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಅವನು ಬಟ್ಟೆಯಲ್ಲಿ ಕೈ ಒರೆಸಿದ, ಮತ್ತೆ ಒರೆಸಿದ.

"ಕೇಳಿಸ್ತು. ಮರದ ಮಿಲ್ಲಿನ ತಿರುವಿಂದಾನೇ."

"ಅಲ್ಲಿಂದ ಆಸ್ಪತ್ರೆಗೆ ಮೂವತ್ತು ಕಿಲೋಮೀಟರ್. ಅಪ್ಪ ಇರೋವಾಗ ಕಾರು ಕೈಕೊಟ್ಟಿದ್ರೆ?"

"ಅಷ್ಟೊತ್ತಿಗಾಗ್ಲೇ ಇರ್ಲಿಲ್ಲ ಅವರು."

ಅವಳು ಸ್ಪ್ಯಾನರ್ ಕೆಳಗಿಟ್ಟಳು.

"ಆ ತಿರುವಲ್ಲಿ ಗೇರ್ ಕರಕರ ಅಂತು," ಎಂದ ಎಸ್ಕಿಲ್. "ಇಪ್ಪತ್ತಾರು ವರ್ಷದಿಂದ ಪ್ರತಿ ಸಲ ಬೈದಿದ್ರಲ್ಲ, ಅದೇನು ಗಂಜಿ ಕಲೆಸ್ತಿದೀಯೇನೋ ಅಂತ. ಅವತ್ತು ಬೈಲಿಲ್ಲ. ತಿರುಗಿ ನೋಡ್ದೆ. ಆಮೇಲೆ ದೀಪ ಹತ್ಕೊಂತು. ನಿಲ್ಸೋಕೆ ಆಗ್ಲಿಲ್ಲ ರಾಗ್ನ್‌ಹಿಲ್ಡ್. ಆ ಕಾಡಲ್ಲಿ ಅವರನ್ನ ಪಕ್ಕದಲ್ಲಿಟ್ಕೊಂಡು ಸುಮ್ನೆ ಕೂರೋಕೆ ಧೈರ್ಯ ಬರ್ಲಿಲ್ಲ. ಮಾತಾಡ್ತಾ ಹೋದೆ."

"ಏನು ಮಾತಾಡ್ದೆ?"

"ಮೀನಿನ ವಿಷಯ. ದೋಣಿಗೆ ಬಣ್ಣ ಹೊಡೀಬೇಕು ಅಂತ. ನೀನು ಬರ್ತಾ ಇದೀಯ ಅಂತ."

ರಾಗ್ನ್‌ಹಿಲ್ಡ್‌ಗೆ ಸಿಟ್ಟು ಬರಬೇಕಿತ್ತೇನೋ, ಬಂದದ್ದು ದಣಿವು, ಹೊತ್ತು ತಂದ ಭಾರವನ್ನು ಎಲ್ಲಿಡಬೇಕೆಂದು ತಿಳಿಯದವರ ದಣಿವು. ಕೊನೆಗೆ ಸಿಲಿಂಡರಿನ ಒಳಗೋಡೆ ಗೀರದಂತೆ ಬೋಲ್ಟುಗಳ ತುದಿಗೆ ರಬ್ಬರ್ ಕೊಳವೆಯ ತುಂಡು ಸಿಕ್ಕಿಸಿ, ಸುತ್ತಿಗೆಯ ಹಿಡಿಯನ್ನು ರಾಡಿಗೆ ಒತ್ತಿದಳು. ಮೂರನೆಯದು ಹಟ ಮಾಡಿತು. ತಟ್ಟಿದಳು, ನಿಲ್ಲಿಸಿದಳು, ಮತ್ತೆ ತಟ್ಟಿದಳು.

"ಕೈ ಇಟ್ಟಿದೀಯಾ?"

"ಇಟ್ಟಿದೀನಿ."

ಪಿಸ್ಟನ್ ಅಂಗುಲ ಅಂಗುಲವಾಗಿ ಏರಿತು. ಎಸ್ಕಿಲ್ ಎರಡೂ ಅಂಗೈ ಬೊಗಸೆ ಮಾಡಿ, ಉಸಿರು ಹಿಡಿದು, ಸಿಲಿಂಡರಿನ ಬಾಯಿಯ ಮೇಲೆ ಬಾಗಿ ನಿಂತಿದ್ದ.