ಧಣಿಗೆ ಮಾತ್ರ ಗೊತ್ತಿಲ್ಲ

"ನನಗೆ ಗೊತ್ತೇ ಇರಲಿಲ್ಲ" ಎಂದು ಬಟ್ಟೆ ಗೋದಾಮಿನ ಧಣಿ ಕೋರ್ಟಿನಲ್ಲಿ ಮತ್ತೆ ಮತ್ತೆ ಹೇಳಿದಾಗ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗೋದಾಮಿನ ಲಿಫ್ಟಿನ ತಂತಿಹಗ್ಗ ಕಿತ್ತುಹೋಗಿ, ಮೇಲಿನಿಂದ ಬಿದ್ದು ಸತ್ತವನು ಅವಳ ಒಬ್ಬನೇ ತಮ್ಮ. ಅವಳೂ ಅಲ್ಲೇ ಬಟ್ಟೆ ಮಡಚುವವಳು.

ಸರ್ಕಾರಿ ವಕೀಲೆ ಅವಳಿಗೆ ಮೊದಲೇ ಬಿಡಿಸಿ ಹೇಳಿದ್ದರು: "ನೋಡಮ್ಮ, ಮೈಮರೆತು ಆದ ತಪ್ಪಿಗೆ ಶಿಕ್ಷೆ ಕಮ್ಮಿ. ಜೀವ ಹೋಗ್ಬಹುದು ಅಂತ ತಿಳಿದೂ ಮಾಡಿದ್ರೆ ಜಾಸ್ತಿ. ಅನುಮಾನ ಇದ್ದೂ ಬೇಕಂತಲೇ ತಿಳ್ಕೊಳ್ಳದೆ ಇದ್ರೆ, ಅದೂ ತಿಳಿದ ಹಾಗೇನೇ. ಆದ್ರೆ ಅನುಮಾನ ಇತ್ತು ಅಂತ ನಾವು ತೋರಿಸ್ಬೇಕು."

ತೋರಿಸುವುದು ಹೇಗೆ? ಧಣಿ ಮಹಾ ಘಾಟಿ. ಲಿಫ್ಟಿನ ಮಾತೆತ್ತಿದರೆ ಸಾಕು, ಅಂಗೈ ಅಡ್ಡ ಹಿಡಿದು "ಅದೆಲ್ಲ ನನ್ ಹತ್ರ ತರಬೇಡಿ" ಎನ್ನುತ್ತಿದ್ದ. ಹೀಗಾಗಿ ಹಗ್ಗ ಸವೆದದ್ದು ಇಡೀ ಗೋದಾಮಿಗೆ ಗೊತ್ತಿದ್ದರೂ ಅವನೊಬ್ಬನಿಗೆ ಗೊತ್ತಿರಲಿಲ್ಲವಂತೆ! ಜಾಣ ಕುರುಡು, ಜಾಣ ಕಿವುಡು ಎರಡೂ ಒಂದೇ ಮೈಯಲ್ಲಿ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗಾದರೂ ಏಟು ಬೀಳುತ್ತದೆ, ಇವನಿಗೆ ಅದೂ ಇಲ್ಲ.

ಅಕ್ಕ ಕಟಕಟೆ ಹತ್ತಿದಳು. ಧಣಿಯ ವಕೀಲ ನಯವಾಗಿ ಕೇಳಿದ: "ಹಗ್ಗ ಸವೆದಿದೆ ಅಂತ ನೀವು ಧಣಿಗೆ ಹೇಳಿದ್ರಾ?"

"ಹೇಳೋಕೆ ಬಾಯಿ ತೆರೆದೆ. ಕೈ ಅಡ್ಡ ಹಿಡಿದ್ರು."

"ಅಂದ್ರೆ ಹೇಳ್ಲಿಲ್ಲ. ನಿಮ್ಮ ತಮ್ಮನಿಗೂ ಗೊತ್ತಿತ್ತಲ್ಲ, ಅವನ್ಯಾಕೆ ಹತ್ತಿದ?"

ಸತ್ತವನ ಮೇಲೇ ಗೂಬೆ ಕೂರಿಸುತ್ತಿದ್ದಾನೆ ಎಂದು ಅವಳ ರಕ್ತ ಕುದಿಯಿತು.

"ಮೂಟೆ ಹೊತ್ಕೊಂಡು ಮೆಟ್ಟಿಲು ಹತ್ತಿದ್ರೆ ತಡ ಆಗುತ್ತೆ, ನಾಳೆಯಿಂದ ಬರಬೇಡ ಅಂತಿದ್ರು. ಅವನು ಹೊಟ್ಟೆಪಾಡಿಗೆ ಹತ್ತಿದ. ಧಣಿ ಯಾಕೆ ಹತ್ತಲಿಲ್ಲ ಅಂತ ಕೇಳಿ ಸ್ವಾಮಿ! ಮೊದಲು ಅದರಲ್ಲೇ ಓಡಾಡ್ತಿದ್ರು. ಹಗ್ಗ ಕಿರುಗುಟ್ಟೋಕೆ ಶುರುವಾದ ಮೇಲೆ, ಮಂಡಿ ಹಿಡ್ಕೊಂಡು ಏದುಸಿರು ಬಿಡ್ತಾ ಮೆಟ್ಟಿಲು ಹತ್ತೋರು."

ನ್ಯಾಯಾಧೀಶರು ಧಣಿಯ ಕಡೆ ತಿರುಗಿದರು.

"ಡಾಕ್ಟರು ವ್ಯಾಯಾಮ ಮಾಡಿ ಅಂದಿದ್ರು ಸ್ವಾಮಿ. ಈಗಲೂ ಎಲ್ಲಿಗೆ ಹೋದ್ರೂ ಮೆಟ್ಟಿಲೇ" ಎಂದ ಧಣಿ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ.

"ಸುಳ್ಳು!" ಅಕ್ಕ ಕಟಕಟೆಯ ಕಂಬಿ ಗುದ್ದಿದಳು. "ಇವತ್ತು ಬೆಳಿಗ್ಗೆ ಈ ಕೋರ್ಟಿಗೆ ಲಿಫ್ಟಲ್ಲೇ ಬಂದ್ರಿ. ನಾನೂ ಅದರಲ್ಲೇ ಇದ್ದೆ, ನಿಮ್ಮ ಬೆನ್ನ ಹಿಂದೆ. ಯಾರನ್ನೂ ಒಂದು ಮಾತು ಕೇಳದೆ ಹತ್ತಿದ್ರಿ. ಯಾವ ಲಿಫ್ಟಲ್ಲಿ ಸಾಯ್ತೀವಿ, ಯಾವುದರಲ್ಲಿ ಸಾಯಲ್ಲ ಅಂತ ನಿಮಗೆ ಚೆನ್ನಾಗೇ ಗೊತ್ತು!"

ಧಣಿಯ ವಕೀಲ ಆಕ್ಷೇಪಣೆ ಎಂದು ಎದ್ದ. ನ್ಯಾಯಾಧೀಶರು ಅವನನ್ನು ಕೂರಿಸಿ, ಆಕೆ ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ ಎಂದು ಗುಮಾಸ್ತನಿಗೆ ಹೇಳಿದರು.