ಶಂಕರಮ್ಮ ಟೀಚರ ಅರೆತಲೆ

ಶಂಕರಮ್ಮ ಟೀಚರು ಬೀದಿಗೆ ಇಳಿದರೆಂದರೆ ಸೆರಗು ಎಡಗಣ್ಣಿನ ಹುಬ್ಬಿನವರೆಗೆ ಬಂದಿರುತ್ತದೆ. ಬಲಗಡೆಯ ಕೂದಲು, ಓಲೆ, ಕೆನ್ನೆ ಎಲ್ಲವೂ ಬಯಲು; ಎಡಗಡೆ ಮಾತ್ರ ನಿನ್ನೆ ಬಂದ ಸೊಸೆಯ ಮುಸುಕು. ನಾರಾಯಣಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಅವರು ಮಕ್ತಲ್ ಬಸ್ಸಿಗೆ ಕಾಯುವಾಗ ಹೊಸಬರು ಇದನ್ನು ಹಳೆಯ ಕಾಲದ ಮರ್ಯಾದೆಯೆಂದೋ, ಹಣೆಯ ಮೇಲಿನ ಕಲೆಯನ್ನು ಮುಚ್ಚುವ ಉಪಾಯವೆಂದೋ ತಿಳಿಯುತ್ತಾರೆ. ನೆರೆಮನೆಯ ಮೊಗುಲಪ್ಪ ಒಮ್ಮೆ ಕೇಳಿಯೇ ಬಿಟ್ಟ: "ಅತ್ತಿ ತೀರಿಕೊಂಡು ಎಷ್ಟೋ ವರ್ಷ ಆತಲ್ಲಕ್ಕಾ, ಇನ್ನ ಯಾರಿಗೆ ಅಂಜಿ ಈ ಸೆರಗು?"

"ಸೂರ್ಯಗ," ಎಂದು ಟೀಚರು ಬಸ್ಸು ಹತ್ತಿದರು.

ಅದು ಚಮತ್ಕಾರದ ಮಾತಾಗಿರಲಿಲ್ಲ. ಅರೆತಲೆನೋವು ಅವರಿಗೆ ಗಂಡನಿಗಿಂತ ಹಳೆಯ ಸಂಗಾತಿ. ಬಿಸಿಲಿಗೆ ಬೆಳ್ಳಗೆ ಉರಿಯುವ ಗೋಡೆ, ಎದುರು ಬರುವ ಬೈಕಿನ ಕನ್ನಡಿ, ಒಗ್ಗರಣೆಯ ಇಂಗು, ಮದುವೆಮನೆಯ ಅತ್ತರು, ಇವುಗಳಲ್ಲಿ ಯಾವುದು ಯಾವಾಗ ಅದಕ್ಕೆ ಬಾಗಿಲು ತೆರೆಯುತ್ತದೆಂದು ಅವರಿಗೇ ತಿಳಿಯದು. ಆದ್ದರಿಂದಲೇ ಅವರ ನಡಿಗೆ ತುಂಬಿದ ಕೊಡ ಹೊತ್ತವರ ನಡಿಗೆ. ಕಾಲು ಎಷ್ಟು ಅವಸರಿಸಿದರೂ ಕುತ್ತಿಗೆ ಅಲುಗದು. ಆದ್ದರಿಂದಲೇ ಯಾರು ಏನು ಕೇಳಿದರೂ ಮೊದಲು "ತಡೀರಿ" ಎನ್ನುತ್ತಾರೆ. ನೋವು ಹೊಸಿಲಿಗೆ ಬಂದಾಗ ಮಾತುಗಳು ಅವರ ನಾಲಗೆಯಿಂದ ಜಾರಿಹೋಗುತ್ತವೆ. ಮಾತು ತನ್ನ ಜಾಗದಲ್ಲಿದೆಯೇ ಎಂದು ಮುಟ್ಟಿ ನೋಡಿಕೊಳ್ಳದೆ ಬಾಯಿ ತೆರೆಯುವುದನ್ನು ಅವರು ಎಂದೋ ಬಿಟ್ಟಿದ್ದಾರೆ.

ಊರು ಚೌಕಳಿ ಸೀರೆಗೆ ಹೆಸರಾದದ್ದು. ಗಂಡ ಅಂಜಯ್ಯ ಅದೇ ಸೀರೆಯ ನೇಕಾರ, ಮಗ್ಗವಿರುವುದು ನಡುಮನೆಯಲ್ಲಿ. ಆದರೆ ಕೆಂಪು ಹಳದಿ ಚೌಕಗಳನ್ನು ನೆಟ್ಟು ನೋಡಿದರೆ ಸಾಕು, ಅವು ತಾವಾಗಿ ಅಲುಗಾಡತೊಡಗಿ ಟೀಚರ ಹೊಟ್ಟೆ ತೊಳಸುತ್ತದೆ. ಅವರು ಉಡುವುದು ಚೌಕಳಿಯಿಲ್ಲದ, ಕಪ್ಪನೆಯ ಬಣ್ಣದ ಸಾದಾ ಸೀರೆ. ನೇಕಾರನ ಹೆಂಡತಿಗೆ ಗಂಡನ ಕೈಯ ಸೀರೆ ಸೇರುವುದಿಲ್ಲ, ನೌಕರಿಯ ಸೊಕ್ಕು ಎಂದು ಓಣಿ ಆಡಿಕೊಂಡಿತು. ಅಂಜಯ್ಯ ಮಿತಭಾಷಿ, ಕೇಳಿಯೂ ಕೇಳದವನಂತೆ ಲಾಳಿ ಎಸೆಯುತ್ತಿದ್ದ. ಹೆಂಡತಿ ಕತ್ತಲೆ ಕೋಣೆ ಸೇರಿದ ದಿನ ಮಗ್ಗ ನಿಲ್ಲಿಸಿ, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು, ತಲೆ ಒತ್ತಲೆಂದು ಬಂದು ಕೂಡುತ್ತಿದ್ದ. ಅವರು ಮುಖ ತಿರುಗಿಸಿ "ಕೈ ತಗೀರಿ" ಎನ್ನುತ್ತಿದ್ದರು. ಆತ ಎಣ್ಣೆಯ ಬಟ್ಟಲು ಹಿಡಿದು ಹೊರಗೆ ಹೋಗುತ್ತಿದ್ದ. ಹೀಗೆ ಆ ದಂಪತಿಗಳ ನಡುವೆ, ಜಗಳವೆಂಬುದೇ ಇಲ್ಲದೆ, ಒಂದು ಗೋಡೆ ಎದ್ದು ನಿಂತಿತು.

ಮಕ್ತಲ್ಲಿನ ಬಳಿ, ತೆಲುಗು ಸೀಮೆಯಲ್ಲಿ ಉಳಿದಿರುವ ಕನ್ನಡ ಶಾಲೆಯೊಂದರಲ್ಲಿ ಟೀಚರು ಹತ್ತನೆಯ ತರಗತಿಗೆ ಕನ್ನಡ ಹೇಳುತ್ತಾರೆ. ಒಂದು ವರ್ಷ ಹೆಡ್‌ಮಾಸ್ತರರು ಕರುಣೆಯಿಂದಲೇ ಹೇಳಿದರು: "ನಿಮಗ ತ್ರಾಸ ಐತಿ. ಹತ್ತನೇದು ಬ್ಯಾರೆಯವರಿಗೆ ಕೊಡತೀನ್ರಿ, ನೀವು ಸಣ್ಣ ಮಕ್ಕಳಿಗೆ ಹೇಳ್ರಿ."

"ತಡೀರಿ ಸರ್. ಪದ್ಯ ಎಲ್ಲಾ ನನಗ ಬಾಯಾಗ ಅದಾವು, ಕಣ್ಣು ಮುಚ್ಚಿದ್ರೂ ಪಾಠ ನಡೀತೈತಿ. ಕಿಟಕಿ ಮುಚ್ಚಾಕ ಒಪ್ಪಿಗಿ ಕೊಡ್ರಿ, ಸಾಕು."

ಕಿಟಕಿ ಮುಚ್ಚಿತು, ತರಗತಿ ಉಳಿಯಿತು. ರಾಯಚೂರಿನ ವೈದ್ಯರು ಕೊಟ್ಟ ಗುಳಿಗೆಗಳಿಂದ ನೋವು ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಆದರೆ ಟೀಚರನ್ನು ಕಾಡಿದ್ದು ಬೇರೊಂದು ಕೊರತೆ. ಅಷ್ಟು ಕಾವ್ಯ ಓದಿದವರು, ತಮ್ಮ ನೋವನ್ನು ಯಾವ ಪುಟದಲ್ಲಿಯೂ ಕಾಣಲಿಲ್ಲ. ವಿರಹಕ್ಕೆ ಚಂದನ ಹಚ್ಚುತ್ತಾರೆ, ರಣಗಾಯಕ್ಕೆ ಹೂಮಳೆ ಸುರಿಸುತ್ತಾರೆ. ತಲೆನೋವು ಮಾತ್ರ ಕೆಲಸ ತಪ್ಪಿಸುವವರ ನೆಪವಾಗಿ, ನಗೆಪಾತ್ರದ ಬಾಯಲ್ಲಿ ಬಂದು ಹೋಗುತ್ತದೆ. ಇಲ್ಲದ್ದನ್ನು ತಾವೇ ಬರೆಯಬೇಕೆಂದು ಕೂತರು. ಬರೆದರು, ಹರಿದರು. ಸುತ್ತಿಗೆ ಎಂದು ಬರೆದರೆ ಓದುವವನಿಗೆ ಸುತ್ತಿಗೆ ಕಾಣುತ್ತದೆ, ಮಿಂಚು ಎಂದರೆ ಮಿಂಚು. ನೋವು ಎಲ್ಲಿಯೂ ಕಾಣುವುದಿಲ್ಲ. ಇನ್ನೊಬ್ಬರಾಗಿದ್ದರೆ ಸೋತು ಬಿಟ್ಟುಬಿಡುತ್ತಿದ್ದರು. ಇವರು ಹೋಲಿಕೆಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಮೊದಲಿನಿಂದ ಆರಂಭಿಸಿದರು.

ಹೋದ ವರ್ಷ ಗದ್ವಾಲಿನಲ್ಲಿ ಕನ್ನಡದ ನಾಲ್ಕು ಜನ ಸೇರಿ ಒಂದು ಸಾಹಿತ್ಯ ಕೂಟ ನಡೆಸಿದರು. ಟೀಚರಿಗೂ ಓದಲು ಕರೆ ಬಂತು. ಗದ್ವಾಲಿನ ವ್ಯಾಪಾರಿಯ ಬಳಿ ಕೆಲಸವಿದ್ದ ಅಂಜಯ್ಯ ಜತೆಗೆ ಹೊರಟ. ಬಸ್ಸು ಜೂರಾಲ ಅಣೆಕಟ್ಟೆಯ ಮೇಲೆ ಹಾಯುವಾಗ ನೀರೆಲ್ಲ ಬಿಸಿಲಾಗಿ ಹೊಳೆಯಿತು. ಧರೂರಿನ ಗದ್ದೆಗಳು ಬರುವ ಹೊತ್ತಿಗೆ ಟೀಚರ ದೃಷ್ಟಿಯ ನಟ್ಟನಡುವೆ ತೂತು ಬಿದ್ದಿತ್ತು. ಅಂಜಯ್ಯನಿಗೆ ಅವರ ಮುಖ ನೋಡಿಯೇ ಗೊತ್ತಾಯಿತು.

"ಬಂತೇನು? ಧರೂರಾಗ ಇಳಿದು ತಿರುಗಿ ಹೋಗೋಣು."

"ನಾ ಹೊಂಟಿದ್ದ ಇದರ ಸುದ್ದಿ ಹೇಳಾಕ," ಎಂದರು ಟೀಚರು, ಗುಳಿಗೆ ನುಂಗುತ್ತ. "ಇದು ಬಂತಂತ ಹ್ಯಾಂಗ ತಿರುಗಲಿ?"

ಸಭೆಯಲ್ಲಿ ಅವರ ಸರದಿ ಬಂದಾಗ ನೋವು ಎಡಗಣ್ಣಿನ ಹಿಂದೆ ಕುಳಿತಿತ್ತು. ವೇದಿಕೆಯ ಮೇಲೆ ಟ್ಯೂಬ್‌ಲೈಟು ಮಿಣುಗುಟ್ಟುತ್ತಿತ್ತು. "ಆ ಕೊಡ ಆರಸ್ರಿ," ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಟೀಚರು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತರು. "ತಡೀರಿ. ಲೈಟ್ ಅನ್ನೋ ಮಾತು ಈಗ ನನಗ ಸಿಗಲಿಲ್ಲ. ಇದೂ ಆ ಬ್ಯಾನಿದ ಗುಣ. ನಗ್ರಿ, ಆದರ ಲೈಟ್ ಆರಸ್ರಿ."

ದೀಪ ಆರಿತು. ಕೈಯ ಕಾಗದದಲ್ಲಿ ಅಕ್ಷರಗಳು ಕಾಣದಾದ್ದರಿಂದ ಅದನ್ನು ಮಡಚಿಟ್ಟು, ಕಣ್ಣು ಮುಚ್ಚಿ ಹೇಳತೊಡಗಿದರು. ಎದುರು ನಿಂತವರ ಮುಖದಲ್ಲಿ ಮೂಗು ಇಲ್ಲವಾಗುವುದು, ಆ ಖಾಲಿ ಜಾಗದ ಅಂಚು ಜರಿಯ ಹಾಗೆ ಹೊಳೆಯುವುದು, ಸ್ವಂತ ಮನೆಯ ಅನ್ನದ ವಾಸನೆಗೆ ಓಕರಿಕೆ ಬರುವುದು. ಆಮೇಲೆ ಅವರ ದನಿ ತಗ್ಗಿತು.

"ಎಷ್ಟು ನೋಯತೈತಿ ಅಂತ ಹೇಳಾಕ ನನ್ನ ಹತ್ರ ಮಾತಿಲ್ಲ. ಏನ್ ಮಾಡತೀನಿ ಅಂತ ಹೇಳತೀನಿ. ನಮ್ಮ ಮನ್ಯಾಗಿನವರು ಮಗ್ಗ ನಿಂದರಿಸಿ, ಎಣ್ಣಿ ಕಾಸಿಕೊಂಡು, ತಲಿ ಒತ್ತಾಕ ಬರತಾರ. ಆ ಹೊತ್ತಿಗೆ ಕೂದಲು ಮುಟ್ಟಿದ್ರೂ ಉರೀತೈತಿ. ಕೈ ತಗೀರಿ ಅಂತೀನಿ. ಅವರು ಹೊರಗ ಹೋಗತಾರ. ಬಾಗಲದಾಗ ಅವರ ಬೆನ್ನು ಕಾಣತೈತಿ. ಕರೀಬೇಕಂದ್ರ ದನಿ ತಲಿಗಿ ಬಡೀತೈತಿ. ಆ ಬೆನ್ನು ನೋಡಕೋತ ಮಲಗತೀನಿ. ಇದ ನನ್ನ ತಲಿನೋವು."

ಮೂರನೆಯ ಸಾಲಿನಲ್ಲಿ ಅಂಜಯ್ಯ ತಲೆ ತಗ್ಗಿಸಿ ಕೂತಿದ್ದ. ಚಪ್ಪಾಳೆ ಏಳಲಿತ್ತು, ಅಧ್ಯಕ್ಷರಿಗೆ ಏನೋ ಹೊಳೆದು ಕೈಯೆತ್ತಿ ತಡೆದರು. ಅಷ್ಟೂ ಜನ ಸದ್ದಿಲ್ಲದೆ ಎದ್ದು ನಿಂತರು.

ಮರಳುವ ಬಸ್ಸಿಗೆ ಕಾಯುವಾಗ ಟೀಚರು ಕಲ್ಲುಬೆಂಚಿನ ಮೇಲೆ ಕುಳಿತರು. ಪಡುವಣದ ಬಿಸಿಲು ನೇರ ಮುಖಕ್ಕೆ ಬರುತ್ತಿತ್ತು. ಅಂಜಯ್ಯ ಹತ್ತಿರ ಬಂದ, ಮುಟ್ಟಲಿಲ್ಲ. ಬಿಸಿಲಿಗೂ ಅವರಿಗೂ ನಡುವೆ ನಿಂತುಕೊಂಡ. ಮೆಲ್ಲಗೆ ಕೇಳಿದ: "ನಾ ಏನ್ ಮಾಡಲಿ, ಹೇಳು."

"ಹೊರಗ ಹೋಗಬ್ಯಾಡ್ರಿ. ಸುಮ್ಮನ ಕುಂದರ್ರಿ, ಅಷ್ಟ."

ಈಗ ಕತ್ತಲೆ ಕೋಣೆಯಲ್ಲಿ ಇಬ್ಬರಿರುತ್ತಾರೆ. ನೋವು ಬರುತ್ತದೆ, ಹೋಗುತ್ತದೆ. ಮರುದಿನ ಟೀಚರು ಮಕ್ತಲ್ ಬಸ್ಸು ಹಿಡಿಯುತ್ತಾರೆ.

ವ್ಯಾಧಿಯನ್ನು ಜಯಿಸಿದವರ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ, ಕೇಳುವುದಕ್ಕೂ ಅವು ಸೊಗಸು. ಆದರೆ ಲೋಕದಲ್ಲಿ ಹೆಚ್ಚಿನವರು ಜಯವೂ ಇಲ್ಲದ, ಮರಣವೂ ಅಲ್ಲದ ನೋವುಗಳನ್ನು ಹೊತ್ತು, ಗಾಯದ ಗುರುತಿಲ್ಲದ ಕಾರಣಕ್ಕೆ ಸೊಕ್ಕಿನವರೆಂದೋ ಸೋಮಾರಿಗಳೆಂದೋ ಅನ್ನಿಸಿಕೊಂಡು ಬದುಕುತ್ತಾರೆ. ಅಂಥವರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಹಟ ಹಿಡಿದು ಅದಕ್ಕೊಂದು ಮಾತನ್ನು ಹುಡುಕಿಬಿಡುತ್ತಾರೆ. ಆ ಮಾತಿನಿಂದ ನೋವು ಎಳ್ಳಷ್ಟೂ ಇಳಿಯುವುದಿಲ್ಲ. ಅದರೊಳಗೆ ಇನ್ನೊಬ್ಬರು ಬಂದು ಕೂಡುವಷ್ಟು ಜಾಗವಾಗುತ್ತದೆ.