ಸ್ಪಿರಿಟ್ಟಿನೊಳಗಿನ ಅಕ್ಷರ

ಅಕ್ಕನಿಗೆ ಅಕ್ಷರ ಚೆನ್ನಾಗಿರಲಿಲ್ಲ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ವಿಶ್ವವಿದ್ಯಾಲಯದ ನಮ್ಮ ಜೀವವೈವಿಧ್ಯ ವಿಭಾಗದಲ್ಲಿ ಮಳೆಕಾಡಿನ ಕಪ್ಪೆಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದ ಹಿರಿಯ ವಿದ್ಯಾರ್ಥಿನಿ. ಮೂರು ಮಳೆಗಾಲ ಜಿಗಣೆಗಳಿಗೆ ರಕ್ತದಾನ ಮಾಡಿ ಕಪ್ಪೆ ಹಿಡಿದಿದ್ದಳು. ಒಂದೊಂದನ್ನೂ ಸ್ಪಿರಿಟ್ ತುಂಬಿದ ಬಾಟಲಿಯಲ್ಲಿಟ್ಟು, ಅದರ ನಂಬರು, ಎಲ್ಲಿ, ಯಾವತ್ತು ಸಿಕ್ಕಿತೆಂದು ಪೆನ್ಸಿಲಿನಲ್ಲಿ ಚೀಟಿ ಬರೆದು ಒಳಗೇ ಹಾಕಿದ್ದಳು. ಚೀಟಿ ಇದ್ದರೆ ಅದು ಸಂಶೋಧನೆ. ಇಲ್ಲದಿದ್ದರೆ ಸತ್ತ ಕಪ್ಪೆ.

ನಮ್ಮ ಮುಖ್ಯಸ್ಥರು ಗಿಡದವರು. ನಾನೂ ಗಿಡದವನೇ. ನಾವು ಎಲೆಯನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ಇಂಕಿನಲ್ಲಿ ಮುತ್ತು ಪೋಣಿಸಿದಂತೆ ಬರೆಯುತ್ತೇವೆ. ನೂರು ವರ್ಷವಾದರೂ ಅಳಿಸುವುದಿಲ್ಲ. ಆ ಬಗ್ಗೆ ನಮಗೆ ಜಂಬವೂ ಇತ್ತು.

ತಪಾಸಣಾ ಸಮಿತಿ ಬರುವ ವಾರ ಅಕ್ಕ ಕಾಡಿನಲ್ಲಿದ್ದಳು. ಮುಖ್ಯಸ್ಥರು ಕಪಾಟು ತೆಗೆಸಿ, ಕನ್ನಡಕ ಏರಿಸಿ ನೋಡಿದರು.

“ಏನಯ್ಯಾ ಇದು, ಕಪ್ಪೆ ಬಾಟಲಿಯಲ್ಲಿ ಕಾಗೆ ಕಾಲು, ಗುಬ್ಬಿ ಕಾಲು?”

“ಅಕ್ಕನ ಅಕ್ಷರ ಸಾರ್,” ಎಂದೆ.

“ಸಮಿತಿಯವರು ಓದೋದು ಬೇಡ್ವಾ? ನಿನ್ನ ಕೈಬರಹ ಚೆನ್ನಾಗಿದೆ. ಎಲ್ಲಾ ಹೊಸದಾಗಿ ಬರಿ. ಪೆನ್ನಲ್ಲಿ.”

ಬಾಗಿಲಲ್ಲಿದ್ದ ಅಟೆಂಡರ್ ತಲೆ ಕೆರೆದುಕೊಂಡ. “ಮೇಡಮ್ಮು ಪೆನ್ಸಿಲ್ ಬಿಟ್ಟು ಬೇರೆ ಮುಟ್ಟಲ್ಲ ಸಾರ್. ಏನೋ ಕಾರಣ ಇರ್ಬೇಕು.”

“ಕಾರಣ ಜಿಪುಣತನ. ನೀನು ಹೋಗಿ ಕುರ್ಚಿ ಒರೆಸು.”

ಎರಡು ದಿನ ಕೂತು ನಕಲು ಮಾಡಿದೆ. ಸಮಿತಿ ಬರುವ ಬೆಳಿಗ್ಗೆ ಹೊಸ ಚೀಟಿಗಳು ಬಾಟಲಿಗಳಿಗೆ ಇಳಿದವು, ಹಳೆಯವು ಹಿತ್ತಲ ಕಸದ ಬೆಂಕಿಗೆ ಹೋದವು. ಸಮಿತಿಯವರು ಕಪಾಟಿನ ಮುಂದೆ ಎರಡು ನಿಮಿಷ ನಿಂತರು. ಕಪ್ಪೆಗಳ ಬಗ್ಗೆ ಏನೂ ಕೇಳಲಿಲ್ಲ. ‘ಅಚ್ಚುಕಟ್ಟು’ ಎಂದು ಬರೆದುಕೊಂಡರು. ಮುಖ್ಯಸ್ಥರು ನನ್ನ ಬೆನ್ನು ತಟ್ಟಿದರು.

ಹತ್ತು ದಿನ ಬಿಟ್ಟು ಅಕ್ಕ ಬಂದಳು. ಕೆಸರು ಬೂಟಿನಲ್ಲೇ ಹೋಗಿ ಕಪಾಟು ತೆಗೆದಳು. ಸ್ಪಿರಿಟ್ಟೆಲ್ಲ ತಿಳಿನೀಲಿ. ಚೀಟಿಗಳು ಹಾಲಿನಷ್ಟು ಬಿಳಿ.

“ಯಾರು ಬರೆದದ್ದು?”

“ನಾನು.”

“ಇಂಕಲ್ಲಿ?”

“ಒಳ್ಳೇ ಪೆನ್ನು, ಅಕ್ಕಾ.”

“ಸ್ಪಿರಿಟ್ಟಲ್ಲಿ ಇಂಕು ಕರಗುತ್ತೆ ಕಣೋ. ಪೆನ್ಸಿಲ್ ಕರಗಲ್ಲ. ಗಿಡದವರಿಗೆ ಇದನ್ನ ಯಾರೂ ಹೇಳ್ಕೊಡಲ್ವಾ?”

“ನಿಮ್ಮ ನೋಟ್‌ಬುಕ್ಕಲ್ಲಿ ಎಲ್ಲಾ ಇರುತ್ತಲ್ಲ?”

“ಇದೆ, ನಂಬರ್ ಪ್ರಕಾರ. ನೂರೆಂಟನೇ ಕಪ್ಪೆ ಇವರಲ್ಲಿ ಯಾರಪ್ಪ ಅಂತ ಕೇಳು, ಕೈ ಎತ್ತುತ್ತೆ.”

ಮುಖ್ಯಸ್ಥರು ಬಂದು ಸಮಾಧಾನ ಹೇಳಿದರು. “ಕಪ್ಪೆಗಳೇನೂ ಹೋಗಿಲ್ವಲ್ಲಮ್ಮ, ಎಲ್ಲಾ ಇಲ್ಲೇ ಇವೆ. ಬೇಕಾದ್ರೆ ಎಣಿಸಿ ನೋಡು.”

ಅಕ್ಕ ಎಣಿಸಿದಳು. ಬಾಟಲಿ ಇನ್ನೂರ ಹದಿನಾಲ್ಕು. ಅವುಗಳಲ್ಲಿ, ಇನ್ನೂ ಯಾರೂ ಹೆಸರಿಡದ ಜಾತಿಯವೆಂದು ಅವಳು ಗುರುತಿಸಿದ್ದವು ಒಂಬತ್ತು. ಮಳೆಗಾಲ ಮೂರು. ಪಿಎಚ್‌.ಡಿ. ಒಂದು.